ಜನ ಕಾಲು ಭಾಗ ಇಲ್ಲ, ಲೈನ್ ಮಾತ್ರ ಮುಕ್ಕಾಲು ಗಂಟೆ: ಕೋವಿಡ್ ಕಾಲದ ಥೀಮ್ ಪಾರ್ಕ್ ಲೆಕ್ಕ ಏನು?

ಕಾಫಿಕಪ್ಪು ಕೇಳಿದ್ದು:

ಮೊನ್ನೆ ಫೋನಿನ ಹಳೆ ಫೋಟೋ ಅಳಿಸುತ್ತಾ ಕೂತಿದ್ದೆ. 2020ರ ಡಿಸೆಂಬರ್‌ನ ಒಂದು ಭಾನುವಾರದ ಫೋಟೋಗಳು ಸಿಕ್ಕವು. ಆವತ್ತು ಹಾಸನದಿಂದ ಕಾರು ಮಾಡಿಕೊಂಡು ಒಂದು ಅಮ್ಯೂಸ್‌ಮೆಂಟ್ ಪಾರ್ಕ್‌ಗೆ ಹೋಗಿದ್ದೆವು. ಹೆಸರು ಬೇಡ. ಒಂಬತ್ತು ತಿಂಗಳು ಮನೆಯಲ್ಲೇ ಕೂತು ಮಗಳಿಗೆ ಹುಚ್ಚು ಹಿಡಿಯುವುದೊಂದು ಬಾಕಿ. ಅವಳಿಗೆ ಆಗ 11.

ಪಾರ್ಕಿಂಗ್ ನೋಡಿ ಖುಷಿಯಾಯಿತು. ಎಣಿಸಿದರೆ ಐವತ್ತು ಕಾರು ಇರಲಿಲ್ಲ. ಇವತ್ತು ಎಲ್ಲಾ ಆಟವನ್ನೂ ಎರಡೆರಡು ಸಲ ಆಡಬಹುದು ಎಂದುಕೊಂಡು ಒಳಗೆ ಹೋದರೆ, ರೋಲರ್ ಕೋಸ್ಟರ್‌ಗೆ ಮುಕ್ಕಾಲು ಗಂಟೆ ಲೈನ್! ಅಲೆ ಬರುವ ಕೊಳ ಬಂದ್. ಪುಟಾಣಿ ರೈಲು ಬಂದ್. ಕ್ಯಾಂಟೀನ್‌ನಲ್ಲಿ ನಾಲ್ಕು ಕೌಂಟರ್‌ಗೆ ಒಂದೇ ತೆರೆದಿತ್ತು, ಬಿಸಿಬೇಳೆಬಾತ್ ಬಿಟ್ಟರೆ ಏನೂ ಇಲ್ಲ. ಟಿಕೆಟ್ ಮಾತ್ರ ಪೂರ್ತಿ ದುಡ್ಡು.

ನಮ್ಮವರು ಇವತ್ತಿಗೂ "ಜನ ಇಲ್ಲ ಅಂತ ಖರ್ಚು ಉಳಿಸೋಕೆ ಬೇಕಂತಲೇ ನಿಧಾನ ಮಾಡಿದರು" ಅನ್ನುತ್ತಾರೆ. ನನಗೆ ಅರ್ಥವಾಗದ್ದು ಎರಡು. ಜನ ಕಡಿಮೆ ಇದ್ದರೆ ಲೈನ್ ಕಡಿಮೆ ಇರಬೇಕಲ್ವಾ? ಮತ್ತೆ ಅಷ್ಟು ಕಡಿಮೆ ಜನಕ್ಕೆ ಪಾರ್ಕ್ ತೆರೆದು ಅವರಿಗೆ ಸಿಕ್ಕಿದ್ದಾದರೂ ಏನು? ಒಳಗೆ ಕೆಲಸ ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಮೊಸರವಲಕ್ಕಿ:

ಆ ಟೈಮಲ್ಲಿ ರೋಲರ್ ಕೋಸ್ಟರ್ ಹತ್ತಲು ಹೋದ ನಿಮ್ಮ ಧೈರ್ಯಕ್ಕೆ ನಮಸ್ಕಾರ ಅಕ್ಕಾ. ನಾನು ಹಾಲಿನ ಪ್ಯಾಕೆಟ್ಟನ್ನೂ ಸೋಪು ಹಾಕಿ ತೊಳೆಯುತ್ತಿದ್ದೆ.

ಸ್ಪ್ಯಾನರ್‌ಸೀನ:

ಮೇಡಂ, ನಾನು ಕೆಲಸ ಮಾಡಿದ್ದು ನೀವು ಹೋದ ಪಾರ್ಕೋ ಬೇರೆಯದೋ ಗೊತ್ತಿಲ್ಲ. ನಾನೂ ಹೆಸರು ಹೇಳುವುದಿಲ್ಲ. ಎಂಟು ವರ್ಷ ಒಂದು ಪಾರ್ಕ್‌ನಲ್ಲಿ ಮೇಂಟೆನೆನ್ಸ್ ಫಿಟ್ಟರ್ ಆಗಿದ್ದೆ. ಕೋವಿಡ್ ಇಡೀ ಅಲ್ಲೇ ಕಳೆದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಲೈನ್ ವಿಷಯ. ನಮ್ಮ ಕೋಸ್ಟರ್‌ಗೆ ಒಂದೇ ರೈಲು, 24 ಸೀಟು. ಜನ ಹತ್ತಬೇಕು, ಅವರು ಬೀಳದ ಹಾಗೆ ಹಿಡಿಯುವ ಬಾರ್ ಇಳಿಸಿ ಎಳೆದು ನೋಡಬೇಕು, ಒಂದು ಸುತ್ತು ಓಡಬೇಕು, ಜನ ಇಳಿಯಬೇಕು. ಎಲ್ಲ ಸೇರಿ ಮೂರು ನಿಮಿಷ. ಗಂಟೆಗೆ 20 ಟ್ರಿಪ್, 480 ಜನ.

ಕೋವಿಡ್ ಬಂದ ಮೇಲೆ ಒಂದು ಸಾಲು ಬಿಟ್ಟು ಒಂದು ಸಾಲು. 24 ಹೋಗಿ 12 ಆಯಿತು. ಪ್ರತಿ ಟ್ರಿಪ್ ಆದ ಮೇಲೆ ಬಾರ್, ಸೀಟು, ಹಿಡಿಕೆ ಒರೆಸಬೇಕು. ಇಬ್ಬರು ಹುಡುಗರು ಎರಡು ಕಡೆಯಿಂದ ಒರೆಸಿಕೊಂಡು ಬಂದರೂ ಎರಡು ನಿಮಿಷ ಬೇಕು. ಮೂರು ನಿಮಿಷದ ಟ್ರಿಪ್ ಐದು ನಿಮಿಷ ಆಯಿತು. ಗಂಟೆಗೆ 12 ಟ್ರಿಪ್, ಟ್ರಿಪ್‌ಗೆ 12 ಜನ. 144.

480 ಎಲ್ಲಿ, 144 ಎಲ್ಲಿ! ಮೂರನೇ ಒಂದು ಭಾಗವೂ ಇಲ್ಲ. ಅಂದರೆ ಜನ ಮೂರನೇ ಒಂದು ಭಾಗ ಬಂದರೂ ನಿಮಗೆ ಮೊದಲಿನಷ್ಟೇ ಲೈನ್. ಅದರ ಮೇಲೆ ಅರ್ಧ ಆಟ ಬಂದ್ ಇದ್ದರೆ ಆ ಜನವೆಲ್ಲ ಉಳಿದ ಆಟಗಳಿಗೇ ಬಂದು ನಿಲ್ಲುತ್ತಾರೆ. ಆರು ಅಡಿಗೊಂದು ಗುರುತು ಬೇರೆ ಹಾಕಿದ್ದೆವು. ನಲವತ್ತು ಜನ ನಿಂತರೆ ಜಾತ್ರೆ ತರಹ ಕಾಣುತ್ತಿತ್ತು. ಬೇಕಂತ ನಿಧಾನ ಮಾಡಿದ್ದಲ್ಲ ಮೇಡಂ. ನಿಮ್ಮ ಯಜಮಾನರಿಗೆ ಹೇಳಿ.

ಒರೆಸುವುದೂ ನೆಲ ಒರೆಸಿದ ಹಾಗಲ್ಲ. ಮೊದಲು ಬ್ಲೀಚ್ ಕಲಸಿದ ನೀರು ಕೊಟ್ಟರು. ಸೋಡಿಯಂ ಹೈಪೋಕ್ಲೋರೈಟ್, 1 ಪರ್ಸೆಂಟ್. ಸರ್ಕಾರದ ಮಾರ್ಗಸೂಚಿಯಲ್ಲಿ ಇದ್ದದ್ದು ಅದೇ. ಹತ್ತು ದಿನಕ್ಕೆ ಬೋಲ್ಟ್ ತಲೆಗಳ ಮೇಲೆ ಕಂದು ಹುಡಿ ಏಳತೊಡಗಿತು. ಸೀಟಿನ ರೆಕ್ಸಿನ್ ಬಣ್ಣ ಬಿಟ್ಟಿತು. ನಮಗೆ ತುಕ್ಕು ಅಂದರೆ ಜೀವದ ಪ್ರಶ್ನೆ. ಗಲಾಟೆ ಮಾಡಿ ಕಬ್ಬಿಣಕ್ಕೆಲ್ಲ ಸ್ಪಿರಿಟ್ ತರಿಸಿದೆವು. ಲೋಹಕ್ಕೆ 70 ಪರ್ಸೆಂಟ್ ಆಲ್ಕೋಹಾಲ್ ಅಂತ ಮಾರ್ಗಸೂಚಿಯಲ್ಲೇ ಇತ್ತು, ನಮ್ಮವರು ಆ ಸಾಲು ಓದಿರಲಿಲ್ಲ ಅಷ್ಟೇ.

ಇನ್ನು ಬಂದ್ ಇದ್ದ ಆಟಗಳು. ನಮ್ಮಂಥ ಪಾರ್ಕ್‌ಗಳಿಗೆ ಕೇಂದ್ರ ಒಪ್ಪಿಗೆ ಕೊಟ್ಟಿದ್ದು 2020ರ ಅಕ್ಟೋಬರ್ 15ರಿಂದ. ಅದರ ಜೊತೆ ಬಂದ ಮಾರ್ಗಸೂಚಿಯಲ್ಲಿ ಒಂದು ತಮಾಷೆ ಇತ್ತು. 65 ದಾಟಿದವರು, ಗರ್ಭಿಣಿಯರು, 10 ವರ್ಷದ ಒಳಗಿನ ಮಕ್ಕಳು ಮನೆಯಲ್ಲೇ ಇದ್ದರೆ ಒಳ್ಳೆಯದು ಅಂತ. ಕಾಯಿಲೆ ಲೆಕ್ಕದಲ್ಲಿ ಸರಿಯೇ. ಆದರೆ ಚಿಕ್ಕ ಮಕ್ಕಳನ್ನು ಬಿಟ್ಟು ಪಾರ್ಕ್‌ಗೆ ಯಾರು ಬರುತ್ತಾರೆ ಹೇಳಿ? ಮನೆಯಲ್ಲಿ ಒಂಬತ್ತು ವರ್ಷದ ಒಂದು ಮಗು ಇದ್ದರೆ ಐದು ಟಿಕೆಟ್ ಹೋಯಿತು. ಪುಟಾಣಿ ರೈಲು ಓಡಿಸಿದರೆ ಹತ್ತುವವರೇ ಇಲ್ಲ, ಹಾಗಾಗಿ ಬಂದ್. ಈಜುಕೊಳ ತೆರೆಯುವಂತಿರಲಿಲ್ಲ. ನೀರಿನ ಆಟಗಳಿಗೆ ಫಿಲ್ಟರ್, ಕ್ಲೋರಿನ್ ಸರಿಯಾಗಿ ಇರಬೇಕು ಅಂತಿತ್ತು. ಜಾರುಬಂಡೆಯಲ್ಲಿ ಒಬ್ಬೊಬ್ಬರೇ ಬರುತ್ತಾರೆ, ಪರವಾಗಿಲ್ಲ. ಅಲೆ ಕೊಳದಲ್ಲಿ ಹಾಡು ಹಾಕಿದರೆ ಸಾಕು, ಭುಜಕ್ಕೆ ಭುಜ ತಾಗಿಸಿ ಕುಣಿಯುತ್ತಾರೆ. ನಮ್ಮಲ್ಲೂ ಅದನ್ನು ಕೊನೆಯವರೆಗೆ ತೆರೆಯಲಿಲ್ಲ.

ತೆರೆದು ಸಿಕ್ಕಿದ್ದೇನು ಅಂತ ಕೇಳಿದಿರಿ. ಅದಕ್ಕೆ ಮುಚ್ಚಿದ್ದಾಗ ಏನು ನಡೆಯುತ್ತಿತ್ತು ಅಂತ ಹೇಳಬೇಕು.

ಮಾರ್ಚ್ 13, ಶುಕ್ರವಾರ. ಒಂದು ವಾರ ಮಾಲ್, ಥಿಯೇಟರ್ ಎಲ್ಲ ಬಂದ್ ಅಂತ ಮುಖ್ಯಮಂತ್ರಿ ಯಡಿಯೂರಪ್ಪನವರು ಹೇಳಿದರು. ಒಂದು ವಾರ ತಾನೇ ಅಂತ ನಾನು ಊಟದ ಡಬ್ಬಿಯನ್ನು ಲಾಕರ್‌ನಲ್ಲೇ ಬಿಟ್ಟು ಬಂದೆ. ಮತ್ತೆ ಆ ಲಾಕರ್ ತೆಗೆದಿದ್ದು ಮೇ ಕೊನೆಯಲ್ಲಿ. ಡಬ್ಬಿಯ ಕಥೆ ಬೇಡ. ಪಕ್ಕದಲ್ಲಿದ್ದ ನಿಂಬೆ ಉಪ್ಪಿನಕಾಯಿ ಮಾತ್ರ ಚೆನ್ನಾಗಿ ಮಾಗಿತ್ತು.

ಪಾರ್ಕ್ ಮುಚ್ಚಿದರೆ ಬೀಗ ಹಾಕಿ ಹೋಗಬಹುದು ಅಂತ ಜನ ತಿಳಿದಿರುತ್ತಾರೆ. ಆಗುವುದಿಲ್ಲ. ಕೋಸ್ಟರ್ ಚಕ್ರಕ್ಕೆ ಸುತ್ತ ಪಾಲಿಯುರೆಥೇನ್ ಅನ್ನುವ ರಬ್ಬರ್ ತರಹದ ಪ್ಲಾಸ್ಟಿಕ್ ಇರುತ್ತದೆ. ಒಂದೇ ಜಾಗದಲ್ಲಿ ತಿಂಗಳುಗಟ್ಟಲೆ ನಿಂತರೆ ಕೆಳಗಿನ ಭಾಗ ಚಪ್ಪಟೆ ಆಗುತ್ತದೆ. ಆಮೇಲೆ ಓಡಿಸಿದರೆ ಎತ್ತಿನಗಾಡಿ ತರಹ ದಡಬಡ. ಬೇರಿಂಗ್‌ನಲ್ಲಿ ಗ್ರೀಸ್ ಗಟ್ಟಿಯಾಗುತ್ತದೆ. ಇಲಿಗಳು ಕೇಬಲ್ ಕಡಿಯುತ್ತವೆ. ನಿಂತ ನೀರಿಗೆ ಪಾಚಿ, ಪಾಚಿಯ ಹಿಂದೆ ಸೊಳ್ಳೆ. ಹಾಗಂತ ಮಳೆಗಾಲದಲ್ಲಿ ಕೊಳ ಪೂರ್ತಿ ಖಾಲಿ ಮಾಡಿ ಬಿಡುವ ಹಾಗೂ ಇಲ್ಲ. ನೆಲದ ನೀರು ಕೆಳಗಿನಿಂದ ಒತ್ತಿ ಟೈಲ್ಸ್ ಎದ್ದು ಬರುತ್ತವೆ. ಪಂಪ್ ಓಡಬೇಕು, ಕ್ಲೋರಿನ್ ಹಾಕಬೇಕು, ಕರೆಂಟ್ ಬಿಲ್ ಬರಬೇಕು. ಒಂದು ಜನ ಇಲ್ಲ.

ಜೂನ್‌ನಿಂದ ವಾರಕ್ಕೆರಡು ಸಲ ಎಲ್ಲಾ ಆಟ ಓಡಿಸುತ್ತಿದ್ದೆವು. ಖಾಲಿ ಓಡಿಸಿದರೆ ಸಾಲದು, ಭಾರ ಬೇಕು. ಮರಳಿನ ಚೀಲ ತುಂಬಿ, ಸೀಟಿಗೆ ಕೂರಿಸಿ, ಬೆಲ್ಟ್ ಹಾಕಿ ಬಿಡುವುದು. ಎಂಟು ಜನ ಬೆಳಿಗ್ಗೆಯಿಂದ ಚೀಲ ಹೊರುವುದು, ಇಳಿಸುವುದು. ಅದರಲ್ಲಿ ಒಂದು ಚೀಲ ಸ್ವಲ್ಪ ಡೊಳ್ಳು. ಅದಕ್ಕೆ ನಮ್ಮ ಮ್ಯಾನೇಜರ್ ಹೆಸರು ಇಟ್ಟಿದ್ದೆವು. "ಸಾಹೇಬರನ್ನ ಮುಂದೆ ಕೂರಿಸ್ರೋ" ಅಂತ ಒಬ್ಬ ಕೂಗುವುದು, ಉಳಿದವರು ನಗುವುದು. ಕಾಂಪೌಂಡ್ ಆಚೆ ಹೊಲದಲ್ಲಿ ಕಳೆ ಕೀಳುವ ಹೆಂಗಸರು ಎದ್ದು ನಿಂತು ನೋಡುತ್ತಿದ್ದರು. ಊರಿಗೆ ಊರೇ ಬಾಗಿಲು ಹಾಕಿಕೊಂಡಿದೆ, ಇವರು ಮೂಟೆಗಳನ್ನು ಆಟ ಆಡಿಸುತ್ತಿದ್ದಾರೆ!

ಹಾಗಾಗಿ ಮೇಡಂ, ಮುಚ್ಚಿದ್ದರೂ ಮುಕ್ಕಾಲು ಖರ್ಚು ಇದ್ದೇ ಇತ್ತು. ದುಡ್ಡಿನ ಲೆಕ್ಕ ಬಲ್ಲವರು ಬೇರೆ ಯಾರಾದರೂ ಬರೆಯಲಿ.

ಲೆಡ್ಜರ್:

ನಾನು ಬರೆಯುತ್ತೇನೆ, ಪಾರ್ಕ್ ಅಲ್ಲ, ಹೋಟೆಲ್‌ಗಳ ಲೆಕ್ಕ ನೋಡುವವನು. ಎರಡೂ ಒಂದೇ ಜಾತಿ.

ಸುಮ್ನೆ ಒಂದು ಅಂಕಿ ಇಟ್ಟುಕೊಳ್ಳಿ. ಮುಚ್ಚಿದ್ದರೂ ದಿನಕ್ಕೆ 5 ಲಕ್ಷ ಹೋಗುತ್ತದೆ. ಬ್ಯಾಂಕ್ ಕಂತು, ಇನ್ಶೂರೆನ್ಸ್, ಸೆಕ್ಯುರಿಟಿ, ಸೀನಣ್ಣನ ಸಂಬಳ, ಮರಳಿನ ಚೀಲ. ತೆರೆದರೆ ಮೇಲೆ ಇನ್ನೊಂದು 3 ಲಕ್ಷ. ಟಿಕೆಟ್, ಕ್ಯಾಂಟೀನ್ ಸೇರಿ 4 ಲಕ್ಷ ಬಂತು ಅನ್ನಿ. 8 ಖರ್ಚು, 4 ಆದಾಯ, 4 ಲಕ್ಷ ನಷ್ಟ. ಅಯ್ಯೋ ನಷ್ಟ ಅನ್ನಬೇಡಿ. ಮುಚ್ಚಿದ್ದರೆ 5 ಲಕ್ಷ ನಷ್ಟ ಆಗುತ್ತಿತ್ತು. ತೆರೆಯುವುದಕ್ಕೆ ಆಗುವ ಮೇಲ್ಖರ್ಚು ಹುಟ್ಟಿದರೆ ತೆರೆ, ಇಲ್ಲದಿದ್ದರೆ ಮುಚ್ಚು. ಅಮೆರಿಕದ ಡಿಸ್ನಿಯವರೂ ಆಗ ಹೂಡಿಕೆದಾರರಿಗೆ ಹೇಳಿದ್ದು ಇದೇ ಲೆಕ್ಕ.

ಕ್ಯಾಂಟೀನ್‌ನಲ್ಲಿ ಒಂದೇ ಕೌಂಟರ್, ಬರೀ ಬಿಸಿಬೇಳೆಬಾತ್ ಯಾಕೆ ಅಂದರೆ ಆ 3 ಲಕ್ಷವನ್ನು ಎರಡೂವರೆ ಮಾಡಲು.

ಟ್ಯಾಂಪಾವಾಸಿ:

ಡಿಸ್ನಿ ಹೆಸರು ಬಂತು, ಹಾಗಾಗಿ ನನ್ನದೂ ಒಂದಿಷ್ಟು. ನಾನಿರುವುದು ಫ್ಲೋರಿಡಾದಲ್ಲಿ, ಆರ್ಲ್ಯಾಂಡೊ ಒಂದು ಗಂಟೆ ದಾರಿ. ಇಲ್ಲಿನ ಡಿಸ್ನಿ ವರ್ಲ್ಡ್ 2020ರ ಮಾರ್ಚ್ ಮಧ್ಯದಲ್ಲಿ ಮುಚ್ಚಿ ಜುಲೈ 11ಕ್ಕೆ ತೆರೆಯಿತು. ಮೊದಲು ಎರಡು ಪಾರ್ಕ್, 15ಕ್ಕೆ ಇನ್ನೆರಡು. ಫ್ಲೋರಿಡಾದಲ್ಲಿ ಕಾಯಿಲೆ ಜೋರಾಗಿದ್ದ ವಾರವೇ ಅದು. ಒಳಗೆ ಬಿಡುತ್ತಿದ್ದದ್ದು ಪಾರ್ಕ್ ಹಿಡಿಸುವಷ್ಟರಲ್ಲಿ ಕಾಲು ಭಾಗ ಜನ, ನವೆಂಬರ್ ಹೊತ್ತಿಗೆ 35 ಪರ್ಸೆಂಟ್. ಟಿಕೆಟ್ ಇದ್ದರೆ ಸಾಲದು, ಯಾವ ದಿನ ಯಾವ ಪಾರ್ಕ್ ಅಂತ ಮೊದಲೇ ಬುಕ್ ಮಾಡಬೇಕಿತ್ತು.

ನಾವು ಸೆಪ್ಟೆಂಬರ್‌ನಲ್ಲಿ ಹೋಗಿದ್ದೆವು. ಪಟಾಕಿ ಇಲ್ಲ, ದೊಡ್ಡ ಮೆರವಣಿಗೆ ಇಲ್ಲ. ಅವೆರಡಕ್ಕೆ ಜನ ಗುಂಪು ಕಟ್ಟುತ್ತಾರಲ್ಲ, ಅದಕ್ಕೇ. ಬದಲಿಗೆ ಏನು ಮಾಡಿದ್ದರು ಗೊತ್ತಾ? ಒಂದೇ ಒಂದು ರಥ, ಮೇಲೆ ಮಿಕ್ಕಿ ಮತ್ತು ಗೆಳೆಯರು, ಎಷ್ಟು ಹೊತ್ತಿಗೆ ಅಂತ ಹೇಳದೆ ಬೀದಿಯಲ್ಲಿ ಸರ್ರನೆ ಹೋಗಿಬಿಡುವುದು. ಜನ ಕಾದು ನಿಲ್ಲುವ ಪ್ರಶ್ನೆಯೇ ಇಲ್ಲ. ನನ್ನ ಮಗ ಐಸ್‌ಕ್ರೀಂ ತಿನ್ನುತ್ತಾ ತಲೆ ಎತ್ತಿದರೆ ಎದುರಿಗೆ ಮಿಕ್ಕಿ. ಮಾಮೂಲಿ ದಿನದಲ್ಲಿ ಅದಕ್ಕೆ ಬಿಸಿಲಲ್ಲಿ ಒಂದು ಗಂಟೆ ಜಾಗ ಹಿಡಿದು ಕೂರಬೇಕು.

ಸೀನಣ್ಣ ಹೇಳಿದ ಖಾಲಿ ಸಾಲಿನ ಸಮಸ್ಯೆ ಇಲ್ಲೂ ಇತ್ತು. ಕೆಲವು ಆಟಗಳಲ್ಲಿ ಸಾಲುಗಳ ನಡುವೆ ಪಾರದರ್ಶಕ ಪ್ಲಾಸ್ಟಿಕ್ ಗೋಡೆ ಕೂರಿಸಿ ಖಾಲಿ ಸಾಲುಗಳನ್ನು ಮತ್ತೆ ತುಂಬಿಸಿದರು. ಸಫಾರಿ ಟ್ರಕ್ಕಿನಲ್ಲಿ ಹಾಗೆ ಮಾಡಿದ್ದರು. ನಮ್ಮ ಕಡೆ ಆಟೋದವರು ಡ್ರೈವರ್ ಹಿಂದೆ ಪ್ಲಾಸ್ಟಿಕ್ ಶೀಟ್ ಕಟ್ಟಿಕೊಂಡಿದ್ದರಲ್ಲ, ಅದೇ ಉಪಾಯ, ದುಡ್ಡು ಜಾಸ್ತಿ.

ಆದರೆ ಅದೇ ಸೆಪ್ಟೆಂಬರ್ 29ಕ್ಕೆ ಡಿಸ್ನಿ 28,000 ಜನರನ್ನು ಕೆಲಸದಿಂದ ತೆಗೆಯುವುದಾಗಿ ಹೇಳಿತು. ಹೆಚ್ಚಿನವರು ಪಾರ್ಟ್ ಟೈಮ್. ನಮ್ಮ ಪಕ್ಕದ ಮನೆಯ ಹೆಂಗಸು ಅದರಲ್ಲಿ ಒಬ್ಬರು. ಕ್ಯಾಲಿಫೋರ್ನಿಯಾದ್ದು ಇನ್ನೂ ಕಷ್ಟ. ಅಲ್ಲಿನ ಡಿಸ್ನಿಲ್ಯಾಂಡ್ ತೆರೆದಿದ್ದು 2021ರ ಏಪ್ರಿಲ್ 30ಕ್ಕೆ. ನಡುವೆ ಅದರ ಪಾರ್ಕಿಂಗ್ ಜಾಗದಲ್ಲಿ ಲಸಿಕೆ ಕೇಂದ್ರ ನಡೆಯಿತು.

ಮೊಸರವಲಕ್ಕಿ:

ಜಪಾನಿನವರನ್ನು ಬಿಟ್ಟಿರಿ. ಅಲ್ಲಿ ಪಾರ್ಕುಗಳ ಸಂಘ, ಆಟದ ಮೇಲೆ ಕಿರುಚಬೇಡಿ, ಎಂಜಲು ಹಾರುತ್ತೆ ಅಂದಿತು. ಫ್ಯೂಜಿ-ಕ್ಯೂ ಅನ್ನುವ ಪಾರ್ಕ್‌ನ ಇಬ್ಬರು ದೊಡ್ಡ ಅಧಿಕಾರಿಗಳು ಮಾಸ್ಕ್ ಹಾಕಿಕೊಂಡು ಕೋಸ್ಟರ್ ಮೇಲೆ ಪಿಟಕ್ಕೆನ್ನದೆ ಕೂತು ವಿಡಿಯೋ ಬಿಟ್ಟರು. ಕೊನೆಗೆ "ಕಿರುಚುವುದಿದ್ದರೆ ಮನಸ್ಸಿನೊಳಗೇ ಕಿರುಚಿ" ಅಂತ. 2020ರ ಇಡೀ ವರ್ಷ ನಾನು ಮಾಡಿದ್ದು ಅದನ್ನೇ.

ಕಾಫಿಕಪ್ಪು:

ಎಲ್ಲರಿಗೂ ಥ್ಯಾಂಕ್ಸ್. 144ರ ಲೆಕ್ಕವನ್ನು ಮನೆಯವರಿಗೆ ಓದಿ ಹೇಳಿದೆ. "ಹಾಗಾದರೆ ಟಿಕೆಟ್ ಯಾಕೆ ಕಡಿಮೆ ಮಾಡಲಿಲ್ಲ ಕೇಳು" ಅಂದರು. ಸೋಲು ಒಪ್ಪಿಕೊಳ್ಳುವ ಪೈಕಿ ಅಲ್ಲ. ಸೀನಣ್ಣ, ಹೇಳ್ತೀರಾ?

ಸ್ಪ್ಯಾನರ್‌ಸೀನ:

ಹೇಳುತ್ತೇನೆ. ನಮ್ಮಲ್ಲಿ ಮೊದಲ ಎರಡು ವಾರ ರಿಯಾಯಿತಿ ಇಟ್ಟು ನೋಡಿದರು. ಹೆದರಿದವರು 200 ರೂಪಾಯಿ ಕಡಿಮೆ ಅಂತ ಬರುವುದಿಲ್ಲ. ಹೆದರದವರು ಪೂರ್ತಿ ಕೊಟ್ಟೇ ಬರುತ್ತಾರೆ. ಇದು ಗೊತ್ತಾದ ಮೇಲೆ ರಿಯಾಯಿತಿ ತೆಗೆದರು. ಬದಲಿಗೆ ಶುಕ್ರ, ಶನಿ, ಭಾನುವಾರ ಮಾತ್ರ ತೆರೆದರು. ಏಳು ದಿನಕ್ಕೆ ಹರಡಿದರೆ ನೂರು ನೂರು ಜನ. ಮೂರು ದಿನಕ್ಕೆ ಒಟ್ಟು ಮಾಡಿದರೆ ಪಾರ್ಕ್‌ಗೆ ಸ್ವಲ್ಪ ಕಳೆ ಬರುತ್ತದೆ.

ಈ ಕಳೆ ಅನ್ನುವುದು ದೊಡ್ಡ ವಿಷಯ ಮೇಡಂ. ಖಾಲಿ ಪಾರ್ಕ್ ನೋಡಿದರೆ ಬಂದವರಿಗೇ ಒಂಥರಾ ಆಗುತ್ತದೆ. ಬೇರೆಯವರು ಮೇಲೆ ಕಿರುಚುವುದು ಕೇಳಿಸಿದರೆ ತಾನೇ ಕೆಳಗೆ ನಿಂತವರಿಗೆ ಹತ್ತುವ ಆಸೆ? ನಮ್ಮ ಜೈಂಟ್ ವೀಲ್ ಹೆದ್ದಾರಿಗೆ ಕಾಣುತ್ತದೆ. ಅದು ಖಾಲಿ ತಿರುಗಬಾರದು ಅಂತ ಮೇಲಿನಿಂದ ಆರ್ಡರ್. ಕೆಲಸ ಇಲ್ಲದ ಹುಡುಗರು ಯೂನಿಫಾರ್ಮ್ ಬಿಚ್ಚಿ, ಬಣ್ಣದ ಟೀ ಶರ್ಟ್ ಹಾಕಿ ಒಂದೊಂದು ತೊಟ್ಟಿಲಲ್ಲಿ ಒಬ್ಬೊಬ್ಬರು ಕೂರುವುದು. ಯಾದಗಿರಿ ಕಡೆಯ ಒಬ್ಬ ಹುಡುಗ ಅಲ್ಲೇ ನಿದ್ದೆ ಹೋಗಿ ಹನ್ನೊಂದು ಸುತ್ತು ತಿರುಗಿದ್ದ.

ನಿಜವಾದ ಪೆಟ್ಟು ಎಲ್ಲಿ ಬಿತ್ತು ಗೊತ್ತಾ? ನಿಮ್ಮಂಥ ಕಾರಿನವರಿಂದಲ್ಲ. ಶಾಲಾ ಟೂರ್. ನವೆಂಬರ್, ಡಿಸೆಂಬರ್ ಅಂದರೆ ನಮ್ಮ ಬಸ್ ಪಾರ್ಕಿಂಗ್‌ನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಒಂದೊಂದು ಬಸ್ಸಿಗೆ ಐವತ್ತು ಮಕ್ಕಳು, ವಾರದ ಮಧ್ಯದ ದಿನಗಳು ತುಂಬುತ್ತಿದ್ದದ್ದೇ ಅವರಿಂದ. ಆ ವರ್ಷ ಒಂದು ಬಸ್ ಬರಲಿಲ್ಲ. ಹತ್ತನೇ ತರಗತಿ, ಸೆಕೆಂಡ್ ಪಿಯು ಮಕ್ಕಳಿಗೆ ಕ್ಲಾಸ್ ಶುರುವಾಗಿದ್ದೇ 2021ರ ಜನವರಿ 1ಕ್ಕೆ, ಟೂರ್ ಎಲ್ಲಿಂದ? ಬಸ್ ಪಾರ್ಕಿಂಗ್‌ನಲ್ಲಿ ಸೆಕ್ಯುರಿಟಿಯವರು ಹುರುಳಿ ಒಣಗಿಸಿಕೊಂಡಿದ್ದರು.

ಇನ್ನೊಂದು ತೊಂದರೆ ಜನ ಕೇಳುವುದೇ ಇಲ್ಲ, ಆಪರೇಟರ್‌ಗಳದ್ದು. ಲಾಕ್‌ಡೌನ್‌ನಲ್ಲಿ ಊರಿಗೆ ಹೋದ ಹುಡುಗರಲ್ಲಿ ಅರ್ಧ ಜನ ವಾಪಸ್ ಬರಲಿಲ್ಲ. ಕಾಂಟ್ರಾಕ್ಟ್ ಹುಡುಗರು, ಸಂಬಳ ನಿಂತಿತ್ತು, ಅವರನ್ನು ಅನ್ನುವ ಹಾಗಿಲ್ಲ. ಹೊಸಬನನ್ನು ತಂದು ನಾಳೆಯೇ ಬಟನ್ ಮುಂದೆ ಕೂರಿಸಲು ಆಗುತ್ತಾ? ಪ್ರತಿ ಆಟಕ್ಕೆ ಬೇರೆ ತರಬೇತಿ, ಹಳಬರ ಸಹಿ ಬೇಕು. ನೀವು ಹೋದಲ್ಲಿ ಬಂದ್ ಇದ್ದ ಆಟಗಳಲ್ಲಿ ಒಂದೆರಡು ಕೋವಿಡ್ ನಿಯಮಕ್ಕಲ್ಲ, ಓಡಿಸುವವರಿಲ್ಲದೆ ಬಂದ್ ಆಗಿದ್ದರೂ ಆಶ್ಚರ್ಯ ಇಲ್ಲ.

ಅಷ್ಟೆಲ್ಲ ಮಾಡಿ ಮಾರ್ಚ್ 2021ರ ಹೊತ್ತಿಗೆ ಜನ ಬರತೊಡಗಿದ್ದರು. ಏಪ್ರಿಲ್‌ಗೆ ಎರಡನೇ ಅಲೆ. ಮತ್ತೆ ಬಂದ್. ನಾನು ಈ ಸಲ ಡಬ್ಬಿ ಮನೆಗೆ ತಂದೆ. ಜುಲೈ ಕೊನೆಗೆ ಸರ್ಕಾರ ಪಾರ್ಕ್‌ಗಳಿಗೆ ಒಪ್ಪಿಗೆ ಕೊಟ್ಟಿತು, ಆದರೆ ನೀರಿನ ಆಟ ಬೇಡ ಅಂದಿತು. ಮತ್ತೆ ಮರಳಿನ ಚೀಲ ತುಂಬಿದೆವು. ಹಳೆ ಚೀಲಗಳನ್ನು ಇಲಿ ತಿಂದಿತ್ತು. ಮ್ಯಾನೇಜರ್ ಚೀಲವೂ ಹೋಯಿತು.

ಲೆಡ್ಜರ್:

ಮ್ಯಾನೇಜರ್?

ಸ್ಪ್ಯಾನರ್‌ಸೀನ:

ಅವರು ಈಗ ಬೇರೆ ಕಡೆ ರೆಸಾರ್ಟ್‌ನಲ್ಲಿದ್ದಾರೆ. ಚೆನ್ನಾಗಿದ್ದಾರೆ.

ಕಾಫಿಕಪ್ಪು:

ಕೊನೆಯದೊಂದು ಕೇಳಿ ಮುಗಿಸುತ್ತೇನೆ. ಫೋಟೋ ದೊಡ್ಡದು ಮಾಡಿ ನೋಡಿದೆ. ಕೋಸ್ಟರ್‌ನಲ್ಲಿ ನಮ್ಮ ಹಿಂದಿನ ಸಾಲಿನ ಬಾರ್‌ಗೆ ಹಳದಿ ರಿಬ್ಬನ್ ಕಟ್ಟಿದೆ, ಚೆಂದಕ್ಕೆ ಗಂಟು ಹಾಕಿ. ಒಂದು ಸಾಲು ಬಿಟ್ಟು ಒಂದು ಸಾಲಿಗೆ. ಮಗಳು ಆವತ್ತು, "ಅಮ್ಮಾ, ನಮ್ಮನ್ನ ವೆಲ್‌ಕಮ್ ಮಾಡೋಕೆ ಕಟ್ಟಿದ್ದಾರೆ" ಅಂದಿದ್ದಳು. ಅದು ಇದೇನಾ?

ಸ್ಪ್ಯಾನರ್‌ಸೀನ:

ಅದೇ ಮೇಡಂ, ಕೂರಬೇಡಿ ಅನ್ನುವ ಗುರುತು. ನಮ್ಮಲ್ಲಿ ಕೆಂಪು ಟೇಪ್ ಕಟ್ಟಿದ್ದೆವು. ಮೊದಲ ದಿನವೇ ಓಡುವಾಗ ಬಿಚ್ಚಿಕೊಂಡು ಹಿಂದೆ ಕೂತವರ ಕನ್ನಡಕಕ್ಕೆ ಬಡಿಯಿತು. ಮಾರನೇ ದಿನದಿಂದ ಕೇಬಲ್ ಟೈ ಹಾಕಿದೆವು. ಗಂಟು ಚೆಂದಕ್ಕೆ ಹಾಕಿದ್ದರು ಅಂದರೆ ಅಲ್ಲಿ ಯಾರೋ ಹೊಸ ಹುಡುಗಿ ಕೆಲಸಕ್ಕಿದ್ದಳು ಅನ್ನಿಸುತ್ತೆ. ನಮ್ಮ ಹುಡುಗರು ಹಾಕಿದ ಗಂಟು ಬ್ಲೇಡ್ ಇಲ್ಲದೆ ಬಿಚ್ಚುತ್ತಿರಲಿಲ್ಲ.